50 ಇಂಚೋ, 60 ಇಂಚೋ? ಮನೆಮಂದಿ ಜೊತೆ ಟ್ರೇಲ್‌ಗೆ ಹೋಗಲು ಸೈಡ್-ಬೈ-ಸೈಡ್ ಆರಿಸುವುದು ಹೇಗೆ

ಅಮೆರಿಕದ ಕಾಡುದಾರಿಗಳಲ್ಲಿ ಮನೆಮಂದಿ ಜೊತೆ ಸುತ್ತಾಡಲು ಸೈಡ್-ಬೈ-ಸೈಡ್ (ಪಕ್ಕಪಕ್ಕ ಕೂತು ಹೋಗುವ, ಸ್ಟಿಯರಿಂಗ್ ಇರುವ ನಾಲ್ಕು ಚಕ್ರದ ಕಾಡುಗಾಡಿ) ಕೊಳ್ಳಬೇಕು ಅಂತ ಹೊರಟವರು ಮೊದಲು ಕೇಳುವುದು ಎಷ್ಟು ಹಾರ್ಸ್‌ಪವರ್ ಅಂತ. ಆಮೇಲೆ ಯಾವ ಕಂಪನಿ ಅಂತ. ಇವೆರಡನ್ನೂ ಕೊನೆಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಮಾತು. ಮೊದಲು ಗೊತ್ತಾಗಬೇಕಾದ್ದು ಎರಡೇ. ನೀವು ಹೋಗುವ ದಾರಿ ಎಷ್ಟು ಅಗಲದ ಗಾಡಿಯನ್ನು ಒಳಗೆ ಬಿಡುತ್ತದೆ? ಒಂದೇ ಗಾಡಿಯಲ್ಲಿ ಎಷ್ಟು ಜನ ಕೂರಬೇಕು?

ಕಷ್ಟ ಇರುವುದೂ ಇಲ್ಲೇ. ಈ ಎರಡು ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ. ಕಿರಿದಾದ ದಾರಿಗೆ ಹೋಗುವ ಗಾಡಿಯಲ್ಲಿ ಎರಡೇ ಸೀಟು. ನಾಲ್ಕು ಸೀಟಿನ ಗಾಡಿ ಆ ದಾರಿಯ ಗೇಟಿನಲ್ಲಿ ನುಗ್ಗುವುದಿಲ್ಲ. ಅಂಗಡಿಗೆ ಹೋಗುವ ಮೊದಲೇ ಇದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಕು. ಇಲ್ಲವಾದರೆ ಅಂಗಡಿಯಲ್ಲಿ ಅಂದ ನೋಡಿ ತೀರ್ಮಾನ ಆಗಿಬಿಡುತ್ತದೆ.

ಈ 50 ಇಂಚು ಎಲ್ಲಿಂದ ಬಂತು

ಅಮೆರಿಕದ ಫಾರೆಸ್ಟ್ ಸರ್ವಿಸ್ 2005ರಲ್ಲಿ ಒಂದು ನಿಯಮ ತಂದಿತು. ಪ್ರತಿ ರಾಷ್ಟ್ರೀಯ ಅರಣ್ಯವೂ ಯಾವ ರಸ್ತೆ, ಯಾವ ಟ್ರೇಲ್ ಯಾವ ಬಗೆಯ ಗಾಡಿಗೆ ತೆರೆದಿದೆ ಅಂತ ಗುರುತಿಸಿ ನಕ್ಷೆ ಮಾಡಬೇಕು ಅನ್ನುವುದು ಅದರ ಸಾರ. ಆ ನಕ್ಷೆಗೆ ಮೋಟರ್ ವೆಹಿಕಲ್ ಯೂಸ್ ಮ್ಯಾಪ್ ಅಂತ ಹೆಸರು. ಪುಕ್ಕಟೆ ಸಿಗುತ್ತದೆ. ಅದರಲ್ಲಿ "50 ಇಂಚು ಅಥವಾ ಅದಕ್ಕಿಂತ ಕಡಿಮೆ ಅಗಲದ ವಾಹನಗಳಿಗೆ" ಅಂತ ಒಂದು ಬಗೆಯ ಗೆರೆ ಇರುತ್ತದೆ. 50 ಇಂಚು ಅಂದರೆ 127 ಸೆಂಟಿಮೀಟರ್. ಬೈಕಿನಂತೆ ಎರಡೂ ಕಡೆ ಕಾಲು ಹಾಕಿ ಕೂರುವ ನಾಲ್ಕು ಚಕ್ರದ ಎಟಿವಿಗಳು ಈ ಅಳತೆಯೊಳಗೇ ಇರುತ್ತವೆ. ಟ್ರೇಲ್‌ಗಳೂ ಅವುಗಳ ಲೆಕ್ಕದಲ್ಲೇ ಆದವು. ಪಕ್ಕಪಕ್ಕ ಕೂರುವ ಗಾಡಿಗಳು ಆಮೇಲೆ ಬಂದವು.

ರಾಜ್ಯಗಳಲ್ಲೂ ಈ ಗೆರೆ ಇದೆ. ಮಿನ್ನೆಸೋಟದಲ್ಲಿ 50 ಇಂಚಿನವರೆಗೆ ಒಂದನೇ ವರ್ಗ, ಅದರಿಂದ ಮೇಲೆ 65 ಇಂಚಿನವರೆಗೆ ಎರಡನೇ ವರ್ಗ. ಮಿಷಿಗನ್‌ನಲ್ಲಿ ಟ್ರೇಲ್ ಅಂದರೆ 50 ಇಂಚು, ರೂಟ್ ಅಂದರೆ ಅಗಲದ ಗಾಡಿಗಳಿಗೂ ಮುಕ್ತ. ವೆಸ್ಟ್ ವರ್ಜೀನಿಯದ ಹ್ಯಾಟ್‌ಫೀಲ್ಡ್-ಮೆಕಾಯ್ ಟ್ರೇಲ್‌ಗಳ ಕತೆ ಬೇರೆ. 2000ದಲ್ಲಿ ಶುರುವಾದ, ಈಗ 1000 ಮೈಲಿ ದಾಟಿರುವ ಆ ಜಾಲದಲ್ಲಿ ಅಗಲದ ಸೈಡ್-ಬೈ-ಸೈಡ್‌ಗಳು ಆರಾಮಾಗಿ ಓಡಾಡುತ್ತವೆ.

ಹಾಗಾಗಿ "50 ಇಂಚಿನದೇ ಬೇಕು" ಅನ್ನುವುದು ಎಲ್ಲರಿಗೂ ಹೊಂದುವ ಮಾತಲ್ಲ. ನಿಮ್ಮ ಮನೆಯಿಂದ ಮೂರು ಗಂಟೆಯ ಹಾದಿಯೊಳಗೆ ಇರುವ ಅರಣ್ಯಗಳ ನಕ್ಷೆ ತೆಗೆಯಿರಿ. ಅವೆನ್ಜಾ ಥರದ ಆಪ್‌ನಲ್ಲಿ ಫೋನ್‌ಗೇ ಇಳಿಸಿಕೊಳ್ಳಬಹುದು. ಸಿಗ್ನಲ್ ಇಲ್ಲದ ಕಡೆಯೂ ಕೆಲಸ ಮಾಡುತ್ತದೆ. 50 ಇಂಚಿನ ಗೆರೆಗಳು ಎಷ್ಟಿವೆ, ಅವು ಬೇರೆ ದಾರಿಗಳಿಗೆ ಕೂಡುತ್ತವಾ ಅಂತ ನೋಡಿ. ಒಂದು ಕಿರಿದಾದ ಗೆರೆ ಎರಡು ದೊಡ್ಡ ಸುತ್ತುಗಳ ನಡುವೆ ಕೊಂಡಿಯಾಗಿದ್ದರೆ ಅದೊಂದೇ ಸಾಕು, ಅಗಲದ ಗಾಡಿಯವರಿಗೆ ಇಡೀ ದಿನದ ಯೋಜನೆ ಕೆಡುತ್ತದೆ. ಬೇರೆ ಕಡೆ ಹತ್ತು ಕಿರಿದಾದ ಗೆರೆಗಳಿದ್ದರೂ ಎಲ್ಲವೂ ಅರ್ಧ ಮೈಲಿಗೆ ನಿಂತುಹೋಗುವ ಕವಲುಗಳಾಗಿರಬಹುದು. ಅಂಥವು ತಪ್ಪಿಹೋದರೆ ನಷ್ಟವೇನೂ ಇಲ್ಲ.

ಕಿರಿದಾದರೆ ಏನು ಕಳೆದುಕೊಳ್ಳುತ್ತೇವೆ

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಕ್ಕಳನ್ನು ಕೂರಿಸಿಕೊಂಡು ಹೋಗುವವರಿಗೆ ಇದಕ್ಕಿಂತ ಮುಖ್ಯವಾದ ವಿಷಯ ಇಲ್ಲ.

ಗಾಡಿ ಪಕ್ಕಕ್ಕೆ ಮಗುಚುವುದು ಎರಡು ಅಳತೆಗಳ ಮೇಲೆ ನಿಂತಿದೆ. ಎಡ ಬಲ ಚಕ್ರಗಳ ನಡುವಿನ ದೂರ ಒಂದು. ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದು ಇನ್ನೊಂದು. ಒಂದು ಲೆಕ್ಕ ಹಾಕೋಣ. ಹೊರಗಿನಿಂದ ಹೊರಗೆ 50 ಇಂಚಿನ ಗಾಡಿ, ಟೈರು 10 ಇಂಚು ಅಗಲ ಅಂತಿಟ್ಟುಕೊಳ್ಳಿ. ಆಗ ಟೈರಿನ ನಡುವಿನಿಂದ ನಡುವಿಗೆ 40 ಇಂಚು. ಜನ ಕೂತಾಗ ಗುರುತ್ವ ಕೇಂದ್ರ 25 ಇಂಚು ಎತ್ತರದಲ್ಲಿದೆ ಅಂತ ಹಿಡಿದರೆ, ಸುಮಾರು 39 ಡಿಗ್ರಿ ವಾಲಿದಾಗ ಗಾಡಿ ಮಗುಚುತ್ತದೆ. ಅದೇ ಎತ್ತರದ 60 ಇಂಚಿನ ಗಾಡಿ 45 ಡಿಗ್ರಿವರೆಗೆ ತಡೆಯುತ್ತದೆ. ಇನ್ನು 50 ಇಂಚಿನ ಗಾಡಿಗೆ ಹಿಂದೆ ಐಸ್‌ಬಾಕ್ಸ್, ಮೇಲೆ ಟಾಪು, ದೊಡ್ಡ ಟೈರು ಹಾಕಿ ಕೇಂದ್ರವನ್ನು 27 ಇಂಚಿಗೆ ಏರಿಸಿದರೆ 39 ಇದ್ದದ್ದು 36ರ ಆಸುಪಾಸಿಗೆ ಇಳಿಯುತ್ತದೆ.

ಇದು ನಿಂತ ಗಾಡಿಯ ಲೆಕ್ಕ. ಓಡುವಾಗ ಸಸ್ಪೆನ್ಷನ್ ಒಂದು ಕಡೆಗೆ ಕುಗ್ಗುತ್ತದೆ, ತಿರುವಿನಲ್ಲಿ ಮೈ ಹೊರಗೆ ಎಳೆಯುತ್ತದೆ, ಕೆಳಗಿನ ಚಕ್ರ ಗುಂಡಿಗೆ ಇಳಿದರೆ ಮೇಲಿನದು ಕಲ್ಲಿನ ಮೇಲೆ ಹತ್ತುತ್ತದೆ. ನಿಜವಾಗಿ ಕೈಯಲ್ಲಿ ಉಳಿಯುವುದು ಇದಕ್ಕಿಂತ ಬಹಳ ಕಡಿಮೆ.

ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಈ ಬಗೆಯ ಗಾಡಿಗಳ ಇತಿಹಾಸದಲ್ಲೇ ಇದು ದಾಖಲಾಗಿದೆ. 54.5 ಇಂಚು ಅಗಲದ ಯಮಹಾ ರೈನೋ ಆ ಕಾಲಕ್ಕೆ ತುಂಬಾ ಜನಪ್ರಿಯ. 2009ರ ಮಾರ್ಚ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅದಕ್ಕೆ ಉಚಿತ ರಿಪೇರಿ ಘೋಷಿಸಿತು. ಹಿಂದಿನ ಚಕ್ರಗಳಿಗೆ ಸ್ಪೇಸರ್ (ಚಕ್ರವನ್ನು ಹೊರಗೆ ತಳ್ಳುವ ಬಿಲ್ಲೆ) ಹಾಕಿ ಅಗಲ ಮಾಡುವುದು, ಹಿಂದಿನ ಆ್ಯಂಟಿ-ಸ್ವೇ ಬಾರ್ (ಎಡ ಬಲದ ಸಸ್ಪೆನ್ಷನ್ ಜೋಡಿಸುವ ಸರಳು) ತೆಗೆಯುವುದು ಆ ರಿಪೇರಿ. ಆಯೋಗ ನೋಡಿದ ಪ್ರಕರಣಗಳಲ್ಲಿ ಮೂರರಲ್ಲಿ ಎರಡಕ್ಕಿಂತ ಹೆಚ್ಚು ಗಾಡಿ ಮಗುಚಿದವು. ಎಷ್ಟೋ ಜನ ಬೆಲ್ಟ್ ಹಾಕಿರಲಿಲ್ಲ. ಕೆಲವು ಕಡೆ ಗಾಡಿ ಮಗುಚಿದ್ದು ಸಮತಟ್ಟು ನೆಲದಲ್ಲಿ, ಕಡಿಮೆ ವೇಗದಲ್ಲಿ ತಿರುಗಿಸುವಾಗ. ಬೆಟ್ಟದ ಅಂಚಿನಲ್ಲಿ ಅಲ್ಲ!

ಆಮೇಲೆ ಬಂದ ಗಾಡಿಗಳು ಇದರಿಂದ ಪಾಠ ಕಲಿತಿವೆ. ಸೀಟು ಕೆಳಗೆ ಇಳಿದಿದೆ, ಬಾಗಿಲು ಅಥವಾ ಬಲೆ ಬಂದಿದೆ, ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಉದ್ದವಾಗಿದೆ. ಆದರೂ 50 ಇಂಚು 50 ಇಂಚೇ. ಅಡ್ಡ ಇಳಿಜಾರಿನಲ್ಲಿ ಅದನ್ನು ಓಡಿಸುವವರು ಅಗಲದ ಗಾಡಿಯವರಿಗಿಂತ ನಿಧಾನ ಹೋಗಬೇಕು. ನಿಮ್ಮ ಮನೆಯಲ್ಲಿ ಸ್ಟಿಯರಿಂಗ್ ಹಿಡಿಯುವವರಿಗೆ ಆ ತಾಳ್ಮೆ ಇದೆಯಾ? ಇದಕ್ಕೆ ಉತ್ತರ ನಿಮಗೇ ಗೊತ್ತು.

ಮಗುವಿನ ಕಾಲು ನೆಲ ಮುಟ್ಟುತ್ತದಾ?

ಗಾಡಿ ಯಾವುದೇ ಇರಲಿ, ಅಂಗಡಿಯಲ್ಲಿ ಮೊದಲು ಮಾಡಬೇಕಾದ ಪರೀಕ್ಷೆ ಇದು. ಮಗುವನ್ನು ಪ್ರಯಾಣಿಕರ ಸೀಟಿನಲ್ಲಿ ಕೂರಿಸಿ. ಬೆನ್ನು ಪೂರ್ತಿ ಸೀಟಿಗೆ ಒರಗಿರಬೇಕು. ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಿರಬೇಕು. ಎರಡೂ ಪಾದ ಚಪ್ಪಟೆಯಾಗಿ ನೆಲ ಮುಟ್ಟಬೇಕು. ಮುಂದಿರುವ ಹಿಡಿಯನ್ನು ಬಗ್ಗದೇ ಹಿಡಿಯಲು ಆಗಬೇಕು. ಬೆಲ್ಟು ಭುಜದ ಮೇಲೆ ಬರಬೇಕು, ಕುತ್ತಿಗೆಗೆ ತಾಗಬಾರದು.

ಮಕ್ಕಳು ಇಲ್ಲಿ ಸ್ವಲ್ಪ ಮೋಸ ಮಾಡುತ್ತಾರೆ. ಆಸೆ ಅಷ್ಟಿರುತ್ತದೆ. ಸೊಂಟ ಮುಂದಕ್ಕೆ ಜಾರಿಸಿ, ಕಾಲಿನ ತುದಿಬೆರಳು ನೆಲಕ್ಕೆ ತಾಗಿಸಿ "ಮುಟ್ಟಿತು" ಅನ್ನುತ್ತಾರೆ. ಬೆನ್ನಿನ ಹಿಂದೆ ನಿಮ್ಮ ಅಂಗೈ ಇಟ್ಟು ನೋಡಿ. ಅಂಗೈ ಸಲೀಸಾಗಿ ಒಳಗೆ ಹೋದರೆ ಮಗು ಜಾರಿ ಕೂತಿದೆ ಅಂತ ಅರ್ಥ. ಗಾಡಿ ವಾಲಿದಾಗ ಕಾಲು ಊರಿ ಮೈ ತಡೆಯಲು ಆ ಮಗುವಿಗೆ ಆಗುವುದಿಲ್ಲ. ಆಗ ಕೈ ತಾನಾಗೇ ಹೊರಗೆ ಬರುತ್ತದೆ. ಮಗುಚುವಾಗ ಗಾಯ ಆಗುವುದು ಹಾಗೇ.

ಕಾರಿನ ಮಕ್ಕಳ ಸೀಟು ಇಲ್ಲಿಗೆ ತಂದು ಕಟ್ಟುವ ಯೋಚನೆ ಬೇಡ. ಅವು ಈ ಗಾಡಿಗಳಿಗೆ ಮಾಡಿದವಲ್ಲ. ಕಾಲು ಮುಟ್ಟದಿದ್ದರೆ ಒಂದೋ ಎರಡೋ ವರ್ಷ ಕಾಯಬೇಕು, ಅಷ್ಟೇ. ಈ ಮಾತನ್ನು ಅಂಗಡಿಯವರು ಹೇಳಲಿಕ್ಕಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಓಡಿಸುವವರ ಬಗ್ಗೆ ಆರ್‌ಒಎಚ್‌ವಿಎ ಅನ್ನುವ ಈ ಗಾಡಿಗಳ ಉದ್ಯಮ ಸಂಘ ಕೊಡುವ ಸಲಹೆ ಸ್ಪಷ್ಟವಾಗಿದೆ: ದೊಡ್ಡವರ ಗಾಡಿಗೆ ಕನಿಷ್ಠ 16 ವರ್ಷ, ಜೊತೆಗೆ ಲೈಸೆನ್ಸ್. ರಾಜ್ಯದ ಕಾನೂನು ಬೇರೆ ಇರಬಹುದು, ಅದನ್ನೂ ನೋಡಿ. ಸಂಘದ ಆನ್‌ಲೈನ್ ಪಾಠವನ್ನು ಮನೆಯವರೆಲ್ಲ ಕೂತು ಒಟ್ಟಿಗೆ ನೋಡುವುದು ಒಳ್ಳೆಯದು.

ಕಿರಿದಾದ ಗಾಡಿಗಳು, ಒಂದೊಂದಾಗಿ

ಮಾದರಿಗಳ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಹೊಸದರಲ್ಲಿ ಸಿಗದಿದ್ದರೂ ಹಳೆಯದರಲ್ಲಿ ಸಿಗುವಂಥವನ್ನೂ ಸೇರಿಸಿ ಹೇಳುತ್ತೇನೆ.

ಪೊಲಾರಿಸ್ ಆರ್‌ಜೆಡ್‌ಆರ್ 50 ಇಂಚಿನ ಸ್ಪೋರ್ಟ್ ಬಗೆಯನ್ನು ಶುರು ಮಾಡಿದ ಗಾಡಿ. 2008ರ ಮಾದರಿಯಾಗಿ ಬಂದ ಆರ್‌ಜೆಡ್‌ಆರ್ 800, 50 ಇಂಚಿನಲ್ಲಿ ಸ್ಪೋರ್ಟ್ ಗಾಡಿಯನ್ನು ಮಾಡಿ ತೋರಿಸಿತು. ಆಮೇಲೆ 45 ಹಾರ್ಸ್‌ಪವರ್‌ನ 570 ಬಂತು. 75 ಹಾರ್ಸ್‌ಪವರ್‌ನ 900 ಬಂತು, ಅದನ್ನೇ ಈಚೆಗೆ ಆರ್‌ಜೆಡ್‌ಆರ್ ಟ್ರೇಲ್ ಅಂತ ಕರೆಯುವುದು. 900ರ ವೀಲ್‌ಬೇಸ್ 79 ಇಂಚು. ಮರಗಳ ನಡುವೆ ಚುರುಕಾಗಿ ತಿರುಗುತ್ತದೆ, ಹಗುರ ಬೇರೆ. ಇಷ್ಟು ಹಗುರದ, ಇಷ್ಟು ಕಿರಿದಾದ ಗಾಡಿಗೆ 75 ಹಾರ್ಸ್‌ಪವರ್ ನನ್ನ ಕಣ್ಣಿಗೆ ಜಾಸ್ತಿಯೇ. ಮನೆಯಲ್ಲಿ ಹದಿಹರೆಯದವರು ಓಡಿಸುವುದಿದ್ದರೆ 570 ಒಳ್ಳೆಯದು.

ಕ್ಯಾನ್-ಆ್ಯಮ್ ಮ್ಯಾವ್‌ರಿಕ್ ಟ್ರೇಲ್ 2018ರ ಮಾದರಿಯಾಗಿ ಬಂತು. ಇದೂ 50 ಇಂಚೇ, ಆದರೆ ವೀಲ್‌ಬೇಸ್ 90.6 ಇಂಚು. ಆರ್‌ಜೆಡ್‌ಆರ್‌ಗಿಂತ ಹತ್ತಿರ ಹತ್ತಿರ ಒಂದು ಅಡಿ ಉದ್ದ. ಕಡಿದಾದ ಏರು, ಕಡಿದಾದ ಇಳಿತಗಳಲ್ಲಿ ಇದು ತುಂಬಾ ಧೈರ್ಯ ಕೊಡುತ್ತದೆ. ಮುಂದಿನ ಚಕ್ರ ಎದ್ದುಬರುವ, ಹಿಂದಿನದು ತೇಲುವ ಅನುಭವ ಕಡಿಮೆ. ಏರಿಳಿತದ ದಾರಿಯಲ್ಲಿ ಪಕ್ಕದವರಿಗೆ ತಲೆ ಅಲ್ಲಾಡುವುದೂ ಕಡಿಮೆ. ಬದಲಿಗೆ ಬಿಗಿ ತಿರುವಿನಲ್ಲಿ ಒಮ್ಮೊಮ್ಮೆ ಹಿಂದೆ ಮುಂದೆ ಮಾಡಿ ತಿರುಗಿಸಬೇಕಾಗುತ್ತದೆ. ಮೊದಲಿಗೆ 51 ಹಾರ್ಸ್‌ಪವರ್‌ನ 800, 75ರ 1000 ಅಂತ ಎರಡು ಎಂಜಿನ್‌ಗಳಲ್ಲಿ ಬಂತು. ಮಕ್ಕಳ ಜೊತೆ ಹೋಗುವ ಒಬ್ಬ ಅಪ್ಪ ಅಥವಾ ಅಮ್ಮನಿಗೆ 50 ಇಂಚಿನಲ್ಲಿ ಒಂದೇ ಗಾಡಿ ಹೇಳು ಅಂದರೆ ನಾನು ಹೇಳುವುದು 800ರ ಎಂಜಿನ್ನಿನ ಈ ಗಾಡಿಯನ್ನೇ. ಉದ್ದದ ವೀಲ್‌ಬೇಸ್ ಕಿರಿದುತನದ ಕೊರತೆಯನ್ನು ಪೂರ್ತಿ ತುಂಬುವುದಿಲ್ಲ, ನಿಜ. ಅಡ್ಡಕ್ಕೆ ಮಗುಚುವುದನ್ನು ಅದು ತಡೆಯುವುದಿಲ್ಲ. ಆದರೆ ಗಾಡಿ ಗಾಬರಿಯಾಗಿ ವರ್ತಿಸುವುದು ಕಡಿಮೆ ಆಗುತ್ತದೆ. ಗಾಡಿ ಗಾಬರಿಯಾಗದಿದ್ದರೆ ಓಡಿಸುವವರೂ ಆಗುವುದಿಲ್ಲ.

ಹೋಂಡಾ ಪಯನಿಯರ್ 500, ಆಮೇಲೆ ಬಂದ 520, ಇವುಗಳ ದಾರಿಯೇ ಬೇರೆ. ಇದೂ 50 ಇಂಚು. ವೀಲ್‌ಬೇಸ್ 73 ಇಂಚು, ಮೂರರಲ್ಲಿ ಅತಿ ಗಿಡ್ಡ. ಚಕ್ರ ಮೇಲೆ ಕೆಳಗೆ ಆಡುವ ದೂರ 5.9 ಇಂಚು ಮಾತ್ರ. ಮ್ಯಾವ್‌ರಿಕ್ ಟ್ರೇಲ್‌ನಲ್ಲಿ ಅದು 10 ಇಂಚು. ಅಂದರೆ ಕಲ್ಲು ಬೇರುಗಳ ದಾರಿಯಲ್ಲಿ ಪಯನಿಯರ್‌ನಲ್ಲಿ ಮೈ ನೋಯುತ್ತದೆ, ವೇಗ ತಾನಾಗೇ ಇಳಿಯುತ್ತದೆ. ಅದರ ಗುಣ ಇರುವುದು ಗೇರ್‌ಬಾಕ್ಸ್‌ನಲ್ಲಿ. ಬೇರೆಯವರಲ್ಲಿ ಎಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆಗೆ ದಾಟಿಸುವುದು ರಬ್ಬರ್ ಬೆಲ್ಟ್, ಇದರದು ಕಾರಿನಂಥ ನಿಜವಾದ ಗೇರು. ಬೆಲ್ಟ್ ಸುಡುವ ಭಯವೇ ಇಲ್ಲ. ಇಳಿತದಲ್ಲಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. 520ರಲ್ಲಿ ಹಿಂದಿನ ತೊಟ್ಟಿ ಎತ್ತಿ ಸುರಿಯಬಹುದು, 1000 ಪೌಂಡ್ ಎಳೆಯುತ್ತದೆ. ವಾರದಲ್ಲಿ ತೋಟದ ಕೆಲಸ, ಭಾನುವಾರ ನಿಧಾನಕ್ಕೆ ಕಾಡು ಸುತ್ತುವುದು ಅನ್ನುವವರಿಗೆ ಇದು ಸರಿ. ದಿನಕ್ಕೆ 60 ಮೈಲಿ ಹೋಗುವ ಆಸೆ ಇದ್ದರೆ ಬೇಡ.

ಆರ್ಕ್ಟಿಕ್ ಕ್ಯಾಟ್ ವೈಲ್ಡ್‌ಕ್ಯಾಟ್ ಟ್ರೇಲ್ ಹಳೆಯದರಲ್ಲಿ ಕಾಣಸಿಗುತ್ತದೆ. 50 ಇಂಚು, ಒಳ್ಳೆಯ ಸಸ್ಪೆನ್ಷನ್. ಹತ್ತಿರದಲ್ಲಿ ಬಿಡಿಭಾಗ ಸಿಗುವ ಅಂಗಡಿ ಇದ್ದರೆ ಮಾತ್ರ ಯೋಚಿಸಿ.

ನಾಲ್ಕು ಜನ ಅಂದರೆ?

ಇಲ್ಲಿ ನೇರವಾಗಿ ಹೇಳುತ್ತೇನೆ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಗಾಡಿಯಲ್ಲಿ ಹೋಗಬೇಕು ಅಂದರೆ 50 ಇಂಚಿನ ಯೋಚನೆ ಬಿಡಿ. ದೊಡ್ಡ ಕಂಪನಿಗಳ ನಾಲ್ಕು ಸೀಟಿನ ಗಾಡಿಗಳು ಶುರುವಾಗುವುದೇ 60 ಇಂಚಿನ ಸುತ್ತಮುತ್ತ. ಇದಕ್ಕೆ ಕಾರಣ ಮೇಲಿನ ಲೆಕ್ಕದಲ್ಲೇ ಇದೆ. ಇನ್ನಿಬ್ಬರು ಎತ್ತರದಲ್ಲಿ ಕೂತರೆ 50 ಇಂಚು ಅವರನ್ನು ಹೊರಲಾರದು.

ಹಿಂದಿನ ತೊಟ್ಟಿಯಲ್ಲಿ ಮಕ್ಕಳನ್ನು ಕೂರಿಸುವುದು, ಇಬ್ಬರ ಸೀಟಿನಲ್ಲಿ ಮೂವರು ಕೂರುವುದು, ಮಗುವನ್ನು ಮಡಿಲಲ್ಲಿ ಇಟ್ಟುಕೊಳ್ಳುವುದು, ಇವು ಯಾವುವೂ ಆಯ್ಕೆಗಳಲ್ಲ. ಕೆಲವರು ಹಿಂದೆ ಸೀಟು ಬೆಸೆದು ಹಾಕಿಸುತ್ತಾರೆ. ಅದು ಮಾಡಬೇಡಿ. ಗಾಡಿ ಮಗುಚಿದಾಗ ಕಾಪಾಡುವ ಮೇಲಿನ ಕೊಳವೆಗಳ ಪಂಜರ ಆ ಸೀಟಿನವರಿಗಾಗಿ ಕಟ್ಟಿದ್ದಲ್ಲ.

ಹಾಗಾದರೆ ಉಳಿಯುವ ದಾರಿ ಎರಡು. ಒಂದು, 60 ಇಂಚಿನ ಸುತ್ತಿನ ನಾಲ್ಕು ಸೀಟಿನ ಗಾಡಿ ತೆಗೆದುಕೊಂಡು ಕಿರಿದಾದ ಟ್ರೇಲ್‌ಗಳನ್ನು ಬಿಟ್ಟುಬಿಡುವುದು. ಯಮಹಾ ವುಲ್ವರೀನ್ ಎಕ್ಸ್4 ಇದಕ್ಕೆ ಹೇಳಿ ಮಾಡಿಸಿದ ಗಾಡಿ. ಸುಮಾರು 62 ಇಂಚು ಅಗಲ, ನಾಲ್ಕು ಸೀಟು, ಆದರೂ ಉದ್ದ ಎರಡು ಸೀಟಿನ ಗಾಡಿಯಷ್ಟೇ. ಇಳಿತದಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ ಬ್ರೇಕಿಂಗ್ ಸಿಗುತ್ತದೆ, ಸದ್ದು ಕಡಿಮೆ, ಒಳಗೆ ಕೂತವರು ಮಾತಾಡಬಹುದು. ಹೋಂಡಾ ಪಯನಿಯರ್ 700-4 ಕೂಡ ಈ ಸಾಲಿನದೇ. 60 ಇಂಚು ಅಗಲ, ಹಿಂದಿನ ಸೀಟು ಬೇಡದಾಗ ಮಡಚಿ ತೊಟ್ಟಿ ಮಾಡಿಕೊಳ್ಳಬಹುದು. ಸ್ಪೋರ್ಟ್ ರುಚಿ ಬೇಕಾದವರಿಗೆ ಕ್ಯಾನ್-ಆ್ಯಮ್ ಮ್ಯಾವ್‌ರಿಕ್ ಸ್ಪೋರ್ಟ್ ಮ್ಯಾಕ್ಸ್ ಇದೆ, ಅದು ಉದ್ದದ ಗಾಡಿ. ಉದ್ದದ ನಾಲ್ಕು ಸೀಟಿನವು ಮೆತ್ತಗೆ ಸಾಗುತ್ತವೆ, ಆದರೆ ಮರಗಳ ನಡುವಿನ ತಿರುವಿನಲ್ಲಿ, ದಿಬ್ಬದ ನೆತ್ತಿಯಲ್ಲಿ ಹೊಟ್ಟೆ ತಾಗಿಸಿಕೊಳ್ಳುತ್ತವೆ.

ಇನ್ನೊಂದು, ಎರಡು ಕಿರಿದಾದ ಗಾಡಿ. ಖರ್ಚು ಜಾಸ್ತಿ, ವಿಮೆ ಎರಡು, ಟ್ರೇಲರ್ ಉದ್ದ ಬೇಕು. ಆದರೆ ಇದರ ಒಂದು ಲಾಭವನ್ನು ಹೆಚ್ಚು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಂದು ಕೆಟ್ಟು ನಿಂತರೆ ಇನ್ನೊಂದು ಎಳೆದುಕೊಂಡು ಬರುತ್ತದೆ. ಕಾಡಿನ ಒಳಗೆ 20 ಮೈಲಿ ದೂರದಲ್ಲಿ ಮಕ್ಕಳ ಜೊತೆ ಒಂಟಿ ಗಾಡಿಯಲ್ಲಿ ಕೆಟ್ಟು ನಿಲ್ಲುವುದು ಸಣ್ಣ ವಿಷಯ ಅಲ್ಲ. ಅಪ್ಪ ಅಮ್ಮ ಇಬ್ಬರಿಗೂ ಓಡಿಸುವ ಖುಷಿ ಇದ್ದರೆ, ಹಳೆಯವೇ ಎರಡು ತೆಗೆದುಕೊಳ್ಳುವುದು ಹೊಸದೊಂದಕ್ಕಿಂತ ಜಾಣತನ. ಒಬ್ಬರಿಗೆ ಮಾತ್ರ ಖುಷಿ, ಇನ್ನೊಬ್ಬರು ಒತ್ತಾಯಕ್ಕೆ ಓಡಿಸುವುದು ಅಂತಾದರೆ ಬೇಡವೇ ಬೇಡ, ನಾಲ್ಕು ಸೀಟಿನದಕ್ಕೇ ಹೋಗಿ.

ಮಕ್ಕಳಿಗೇ ಒಂದು ಗಾಡಿ ಅನ್ನುವವರೂ ಇದ್ದಾರೆ. ಪೊಲಾರಿಸ್ ಆರ್‌ಜೆಡ್‌ಆರ್ 200 ಹತ್ತು ವರ್ಷ ಮೇಲ್ಪಟ್ಟವರಿಗೆ ಮಾಡಿದ್ದು. ವೇಗದ ಮಿತಿ, ಎಷ್ಟು ದೂರದೊಳಗೆ ಓಡಬೇಕು ಅನ್ನುವುದನ್ನು ಅಪ್ಪ ಅಮ್ಮ ಫೋನಿನಿಂದ ಗೊತ್ತು ಮಾಡಬಹುದು. ಬಯಲಿನಲ್ಲಿ ಕಲಿಯಲು ಚೆನ್ನಾಗಿದೆ. ಟ್ರೇಲ್‌ಗೆ ಕರೆದುಕೊಂಡು ಹೋಗುವ ಮೊದಲು ಆ ರಾಜ್ಯದ ವಯಸ್ಸಿನ ನಿಯಮ ನೋಡಿಕೊಳ್ಳಿ.

ಹಾರ್ಸ್‌ಪವರ್‌ಗೆ ಈಗ ಬರೋಣ

ಕಿರಿದಾದ ಕಾಡುದಾರಿಯಲ್ಲಿ ದಿನದ ಸರಾಸರಿ ವೇಗ ಗಂಟೆಗೆ 10ರಿಂದ 15 ಮೈಲಿ ಇದ್ದರೆ ಹೆಚ್ಚು. ಅದಕ್ಕೆ 45-50 ಹಾರ್ಸ್‌ಪವರ್ ಧಾರಾಳ. ಇದಕ್ಕೆ ಒಂದೇ ಅಪವಾದ, ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1000 ಅಡಿ ಏರಿಗೆ ಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಕೊಲೊರಾಡೊದ 10,000 ಅಡಿಯ ದಾರಿಗಳಲ್ಲಿ 51 ಹಾರ್ಸ್‌ಪವರ್‌ನ ಗಾಡಿ 36ರಂತೆ ಓಡುತ್ತದೆ. ಅಲ್ಲಿ ಇಬ್ಬರು ದೊಡ್ಡವರು, ಸಾಮಾನು ಹೊತ್ತು ಏರುವುದಿದ್ದರೆ 75 ಬೇಕೆನಿಸುವುದು ಸಹಜ. ಮಿಷಿಗನ್ನಿನ ಮರಳು ಕಾಡಿನಲ್ಲಿ ಅದರ ಅಗತ್ಯ ಇಲ್ಲ.

ಅದಕ್ಕಿಂತ ಪವರ್ ಸ್ಟಿಯರಿಂಗ್‌ಗೆ ದುಡ್ಡು ಕೊಡಿ. ಕಲ್ಲಿಗೆ ಚಕ್ರ ಬಡಿದಾಗ ಸ್ಟಿಯರಿಂಗ್ ಕೈಗೆ ಹೊಡೆಯುವುದು ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ತೋಳು ಸೋಲುವುದಿಲ್ಲ. ದಿನದ ಕೊನೆಯ ಗಂಟೆಯಲ್ಲಿ ಆಗುವ ತಪ್ಪುಗಳು ಹೆಚ್ಚಾಗಿ ದಣಿವಿನಿಂದಲೇ, ಅಲ್ವಾ?

ಬೆಲ್ಟ್ ಗಾಡಿ ಆದರೆ ಒಂದು ಅಭ್ಯಾಸ ಮಾಡಿಕೊಳ್ಳಿ. ಗಂಟೆಗೆ 10-15 ಮೈಲಿಗಿಂತ ನಿಧಾನದ ಕಲ್ಲುದಾರಿ, ಕಡಿದಾದ ಏರು, ಟ್ರೇಲರ್ ಮೇಲೆ ಹತ್ತಿಸುವುದು, ಇದೆಲ್ಲ ಲೋ ಗೇರಿನಲ್ಲೇ. ಹೈನಲ್ಲಿ ತೆವಳಿದರೆ ಬೆಲ್ಟು ಪುಲಿಯ ಮೇಲೆ ಉಜ್ಜಿ ಕಾಯುತ್ತದೆ. ಸುಟ್ಟ ರಬ್ಬರಿನ ವಾಸನೆ ಬಂದರೆ ಕೂಡಲೇ ನಿಲ್ಲಿಸಿ, ತಣ್ಣಗಾಗಲು ಬಿಡಿ. ಒಂದು ಹೊಸ ಬೆಲ್ಟು, ಅದನ್ನು ಬದಲಿಸುವ ಟೂಲು ಸೀಟಿನ ಕೆಳಗೆ ಸದಾ ಇರಲಿ. ಮನೆಯ ಅಂಗಳದಲ್ಲಿ ಒಂದು ಸಲ ಬದಲಿಸಿ ಕಲಿತಿರಿ.

ಅಳತೆ ಪಟ್ಟಿ ಹಿಡಿಯಿರಿ

"50 ಇಂಚಿನ ಗಾಡಿ" ಅಂತ ಮಾರುವ ಹಳೆಯ ಗಾಡಿಗಳೆಲ್ಲ ಈಗಲೂ 50 ಇಂಚು ಇರುವುದಿಲ್ಲ. ಹಿಂದಿನ ಮಾಲೀಕರು ಅಗಲದ ಟೈರು, ಚಕ್ರವನ್ನು ಹೊರಗೆ ಚಾಚಿಸುವ ರಿಮ್ಮು, ಸ್ಪೇಸರ್ ಹಾಕಿಸಿರುತ್ತಾರೆ. ಪಕ್ಕಕ್ಕೆ ಒಂದೂವರೆ ಇಂಚಿನ ಸ್ಪೇಸರ್ ಹಾಕಿದರೆ ಗಾಡಿ 53 ಇಂಚಾಯಿತು. ಗಟ್ಟಿಯಾಗಿ ನಿಲ್ಲುವುದು ನಿಜ. ಆದರೆ ನೀವು ಯಾವ ಗೇಟಿಗಾಗಿ ಇದನ್ನು ಕೊಂಡಿರೋ ಅದರಲ್ಲಿ ಅದು ತೂರುವುದಿಲ್ಲ. ತೂರಿದರೂ ಕಾನೂನಿನ ಪ್ರಕಾರ ತಪ್ಪು.

ಅಳೆಯುವುದು ಸುಲಭ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ ಎರಡು ಹೆಜ್ಜೆ ಮುಂದೆ ಓಡಿಸಿ, ಚಕ್ರ ಸಹಜವಾಗಿ ಕೂರಲಿ. ಇಬ್ಬರು ಸೀಟಿನಲ್ಲಿ ಕೂರಲಿ. ಎರಡೂ ಪಕ್ಕ ಟೈರಿನ ಅತಿ ಉಬ್ಬಿದ ಜಾಗಕ್ಕೆ ಒಂದೊಂದು ಹಲಗೆ ನೆಟ್ಟಗೆ ನಿಲ್ಲಿಸಿ. ಹಲಗೆಯಿಂದ ಹಲಗೆಗೆ ಟೇಪು ಹಿಡಿಯಿರಿ. ಮುಂದಿನ ಚಕ್ರಕ್ಕೆ ಒಮ್ಮೆ, ಹಿಂದಿನದಕ್ಕೆ ಒಮ್ಮೆ. ಜನ ಕೂತಾಗ ಸಸ್ಪೆನ್ಷನ್ ಕುಗ್ಗಿ ಚಕ್ರಗಳು ಹೊರಗೆ ಹರಡುತ್ತವೆ, ಅದಕ್ಕೇ ಖಾಲಿ ಗಾಡಿಯ ಅಳತೆ ನಂಬಬೇಡಿ.

ಹಳೆಯ ಗಾಡಿಯಲ್ಲಿ ಇನ್ನೊಂದು ಜಾಗ ಕಡ್ಡಾಯವಾಗಿ ನೋಡಿ. ಏರ್ ಫಿಲ್ಟರ್ ತೆಗೆಸಿ, ಅದರಾಚೆ ಎಂಜಿನ್ ಕಡೆಗೆ ಹೋಗುವ ಕೊಳವೆಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಬಟ್ಟೆಗೆ ಧೂಳು ಹತ್ತಿದರೆ ಆ ಧೂಳು ಎಂಜಿನ್ ಒಳಗೂ ಹೋಗಿದೆ. ಬೆಲೆ ಎಷ್ಟೇ ಕಡಿಮೆ ಇರಲಿ, ಬಿಟ್ಟುಬನ್ನಿ. ಮೀಟರಿನಲ್ಲಿ ಓಡಿದ ಮೈಲಿಯನ್ನು ಎಂಜಿನ್ ಓಡಿದ ಗಂಟೆಯಿಂದ ಭಾಗಿಸಿ. 10ರ ಆಸುಪಾಸು ಬಂದರೆ ನಿಧಾನಕ್ಕೆ ಓಡಿದ ಗಾಡಿ. 20 ದಾಟಿದರೆ ಜೋರಾಗಿ ಓಡಿಸಿದ್ದಾರೆ.

ಗಾಡಿಯ ವಿಐಎನ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ) ಬರೆದುಕೊಂಡು ಕಂಪನಿಯ ಹಿಂಪಡೆತ (ರೀಕಾಲ್) ಇದೆಯಾ ಅಂತ ಕಂಪನಿಯ ಜಾಲತಾಣದಲ್ಲಿ ನೋಡಿ. 2016ರಲ್ಲಿ ಆರ್‌ಜೆಡ್‌ಆರ್ 900 ಮತ್ತು 1000 ಗಾಡಿಗಳನ್ನು ಬೆಂಕಿಯ ಅಪಾಯಕ್ಕಾಗಿ ದೊಡ್ಡ ಸಂಖ್ಯೆಯಲ್ಲಿ ಹಿಂಪಡೆದು ರಿಪೇರಿ ಮಾಡಲಾಯಿತು. 2013ರಿಂದ 2016ರವರೆಗಿನ ಮಾದರಿಗಳು ಅವು. ಆ ಕಾಲದ 900 ನೋಡುತ್ತಿದ್ದರೆ ಆ ರಿಪೇರಿ ಆಗಿದೆ ಅನ್ನುವ ಕಾಗದ ಕೇಳಿ ಪಡೆಯಿರಿ.

ಉಳಿದ ಸಣ್ಣಪುಟ್ಟವು

ಹೆಲ್ಮೆಟ್ ಎಲ್ಲರಿಗೂ, ಮೇಲೆ ಪಂಜರ ಇದ್ದರೂ. ಹ್ಯಾಟ್‌ಫೀಲ್ಡ್-ಮೆಕಾಯ್‌ನಲ್ಲಂತೂ ಕಡ್ಡಾಯ. ಮುಂದೆ ಪೂರ್ತಿ ಗಾಜು ಹಾಕಿಸಿದರೆ ಹಿಂದೆಯೂ ಮುಚ್ಚಬೇಕು. ಇಲ್ಲವಾದರೆ ಧೂಳು ಹಿಂದಿನಿಂದ ಸುತ್ತಿ ಒಳಗೆ ಬಂದು ಮಕ್ಕಳ ಮುಖಕ್ಕೇ ಹೊಡೆಯುತ್ತದೆ. ಅರ್ಧ ಗಾಜು, ಕಣ್ಣಿಗೆ ಗಾಗಲ್ಸ್ ಸಾಕು. ಪಿಕಪ್ ಟ್ರಕ್ಕಿನ ಹಿಂದೆ 50 ಇಂಚಿನ ಗಾಡಿ ಏರಿಸುವ ಯೋಚನೆ ಇದ್ದರೆ, ಚಕ್ರದ ಗೂಡುಗಳ ನಡುವಿನ ಜಾಗ ಅಳೆಯಿರಿ. ದೊಡ್ಡ ಪಿಕಪ್‌ಗಳಲ್ಲೂ ಅದು ಹೆಚ್ಚೂಕಡಿಮೆ 50 ಇಂಚೇ. ಟ್ರೇಲರ್ ನಿಶ್ಚಿಂತೆ.

ದುಡ್ಡು ಕೊಡುವ ಮೊದಲು ಒಂದು ದಿನ ಬಾಡಿಗೆ ಗಾಡಿ ತೆಗೆದುಕೊಳ್ಳಿ. ಹೆಸರಾದ ಟ್ರೇಲ್‌ಗಳ ಹತ್ತಿರ ಬಾಡಿಗೆಯವರು ಇರುತ್ತಾರೆ. ನೀವು ಯೋಚಿಸುತ್ತಿರುವ ಅದೇ ಅಗಲದ್ದು, ಅಷ್ಟೇ ಸೀಟಿನದ್ದು ಕೇಳಿ. ಅರ್ಧ ದಿನ ಓಡಿಸಿದ ಮೇಲೆ ಸ್ಟಿಯರಿಂಗ್ ಬೇರೆಯವರಿಗೆ ಕೊಟ್ಟು, ಮಗು ಕೂರುವ ಸೀಟಿನಲ್ಲಿ ನೀವು ಒಂದು ಗಂಟೆ ಕೂತು ಬನ್ನಿ. ಎಂಜಿನ್ನಿನ ಬಿಸಿ ಬೆನ್ನಿಗೆ ಎಷ್ಟು ತಾಗುತ್ತದೆ, ಹಿಡಿ ಎಟಕುತ್ತದಾ, ಮುಂದಿನ ದಾರಿ ಕಾಣುತ್ತದಾ, ಧೂಳು ಎಷ್ಟು ಬರುತ್ತದೆ, ಅಡ್ಡ ಇಳಿಜಾರಿನಲ್ಲಿ ಗಾಡಿ ವಾಲಿದಾಗ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಅಲ್ಲಿ ಕೂತಾಗಲೇ ತಿಳಿಯುವುದು. ಸಂಜೆ ಮಕ್ಕಳನ್ನೂ ಕೇಳಿ. "ಮಜಾ ಬಂತಾ" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. "ಎಲ್ಲಿ ಭಯ ಆಯ್ತು" ಅಂತ ಕೇಳಿ.